ಕಾಯುವ ಹೊತ್ತನ್ನೂ ಲೆಕ್ಕಕ್ಕಿಡುವ ನಕ್ಷೆ: ಲಂಡನ್ನಿನ ವೆಬ್‌ಕ್ಯಾಟ್

ಬೆಂಗಳೂರಿನಲ್ಲಿ ನಿವೇಶನ, ಫ್ಲ್ಯಾಟ್‌ಗಳ ಜಾಹೀರಾತು ಓದುವವರಿಗೆ ‘ಮೆಟ್ರೊ ನಿಲ್ದಾಣಕ್ಕೆ ಐದೇ ನಿಮಿಷ’ ಎಂಬ ಮಾತು ಹೊಸದಲ್ಲ. ಆ ಐದು ನಿಮಿಷ ನಡಿಗೆಯದೋ ಬೈಕಿನದೋ, ನಿಲ್ದಾಣ ಮುಟ್ಟಿದ ಮೇಲೆ ರೈಲಿಗೆ ಎಷ್ಟು ಹೊತ್ತು ಕಾಯಬೇಕೋ ಎಂಬುದನ್ನು ಮಾತ್ರ ಯಾರೂ ಬರೆಯುವುದಿಲ್ಲ. ಈ ಕೊರತೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಲಂಡನ್ನಿನ ಸಾರಿಗೆ ಸಂಸ್ಥೆಯಾದ ಟಿಎಫ್‌ಎಲ್ ಉಚಿತವಾಗಿ ಒದಗಿಸಿರುವ ‘ವೆಬ್‌ಕ್ಯಾಟ್’ ಎಂಬ ನಕ್ಷೆಯನ್ನು ಪರಿಶೀಲಿಸಿದೆ.

ನಕ್ಷೆಯಲ್ಲಿ ಇಡೀ ಲಂಡನ್ 100 ಮೀಟರ್ ಅಳತೆಯ ಚೌಕಗಳಾಗಿ ಹರಡಿಕೊಂಡಿದೆ. ಪ್ರತಿ ಚೌಕಕ್ಕೂ 0ಯಿಂದ 6ಬಿವರೆಗಿನ ಒಂಬತ್ತು ದರ್ಜೆಗಳಲ್ಲಿ (1 ಮತ್ತು 6ಕ್ಕೆ ಎ, ಬಿ ಎಂಬ ಎರಡೆರಡು ಭಾಗಗಳಿವೆ) ಒಂದು ಸಿಗುತ್ತದೆ. ಸಾರಿಗೆ ವಿರಳವಾಗಿರುವಲ್ಲಿ ನೀಲಿ, ದಟ್ಟವಾಗಿರುವಲ್ಲಿ ಕೆಂಪು. ಈ ದರ್ಜೆಗೆ ಅಲ್ಲಿನ ಯೋಜನಾಧಿಕಾರಿಗಳು ‘ಪಿಟಾಲ್’, ಅಂದರೆ ಸಾರ್ವಜನಿಕ ಸಾರಿಗೆ ಎಷ್ಟು ಕೈಗೆಟಕುತ್ತದೆ ಎಂಬುದರ ಮಟ್ಟ, ಎನ್ನುತ್ತಾರೆ. ಲಂಡನ್ನಿನ ಸ್ಥಳೀಯಾಡಳಿತ ವಿಭಾಗಗಳಲ್ಲಿ (ಬರೋ) ಒಂದಾದ ಹ್ಯಾಮರ್‌ಸ್ಮಿತ್ ಮತ್ತು ಫುಲ್‌ಹ್ಯಾಮ್‌ನಲ್ಲಿ 1992ರಲ್ಲಿ ರೂಪುಗೊಂಡ ವಿಧಾನವಿದು.

ಲೆಕ್ಕದ ಬಗೆಯನ್ನು ತುಸು ವಿವರವಾಗಿ ಹೇಳಬೇಕು, ಏಕೆಂದರೆ ಈ ಸಾಧನದ ಗುಣವೂ ದೋಷವೂ ಅಲ್ಲಿಯೇ ಇವೆ. ನಿಮಿಷಕ್ಕೆ 80 ಮೀಟರ್ ನಡಿಗೆಯೆಂದು ಹಿಡಿದು, ಬಸ್ಸಿಗೆ 640 ಮೀಟರ್ ಮತ್ತು ರೈಲಿಗೆ 960 ಮೀಟರ್ ಒಳಗಿನ ನಿಲ್ದಾಣಗಳನ್ನು ಮಾತ್ರ ಪರಿಗಣಿಸುತ್ತಾರೆ. ನಡೆಯುವ ಸಮಯಕ್ಕೆ, ಬೆಳಗಿನ ದಟ್ಟಣೆಯ ವೇಳೆಯಲ್ಲಿ ಎರಡು ವಾಹನಗಳ ನಡುವೆ ಇರುವ ಅಂತರದ ಅರ್ಧವನ್ನು ಸರಾಸರಿ ಕಾಯುವಿಕೆಯೆಂದು ಸೇರಿಸಿ, ತಡವಾಗುವ ಸಾಧ್ಯತೆಗಾಗಿ ಬಸ್ಸಿಗೆ 2 ನಿಮಿಷವನ್ನೂ ರೈಲಿಗೆ ಮುಕ್ಕಾಲು ನಿಮಿಷವನ್ನೂ ಕೂಡಿಸುತ್ತಾರೆ. ಬಂದ ಮೊತ್ತದಿಂದ 30ನ್ನು ಭಾಗಿಸಿದರೆ ಆ ಮಾರ್ಗದ ಅಂಕ ದೊರೆಯುತ್ತದೆ. ಬಸ್ಸು, ರೈಲು ಹೀಗೆ ಪ್ರತಿ ಬಗೆಯಲ್ಲೂ ಅತ್ಯುತ್ತಮ ಮಾರ್ಗಕ್ಕೆ ಪೂರ್ಣ ಅಂಕ, ಉಳಿದವಕ್ಕೆ ಅರ್ಧ; ಎಲ್ಲವನ್ನೂ ಕೂಡಿಸಿದ ಮೊತ್ತವೇ ದರ್ಜೆಯನ್ನು ನಿರ್ಧರಿಸುತ್ತದೆ. ಕ್ಯಾಲ್ಕುಲೇಟರ್ ಇದ್ದವರು ಯಾರಾದರೂ ಮಾಡಬಹುದಾದ ಲೆಕ್ಕ ಇದು.

ನಾನು ಮಾಡಿಯೂ ನೋಡಿದೆ. ನಮ್ಮ ಮೆಟ್ರೊದ ಆರ್.ವಿ. ರಸ್ತೆ–ಬೊಮ್ಮಸಂದ್ರ ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಆರಂಭವಾದಾಗ ಮೂರೇ ರೈಲುಗಳಿದ್ದು, 25 ನಿಮಿಷಕ್ಕೊಂದು ಬರುತ್ತಿತ್ತು. ನಿಲ್ದಾಣದಿಂದ 640 ಮೀಟರ್ ದೂರದ ಮನೆಗೆ 8 ನಿಮಿಷ ನಡಿಗೆ, ಹನ್ನೆರಡೂವರೆ ನಿಮಿಷ ಕಾಯುವಿಕೆ, ಮುಕ್ಕಾಲು ನಿಮಿಷದ ಅನಿಶ್ಚಿತತೆ ಸೇರಿ ಒಟ್ಟು 21.25 ನಿಮಿಷ, ಅಂಕ 1.41. ಅದೇ ಮನೆಗೆ, ಅದೇ ನಿಲ್ದಾಣಕ್ಕೆ, ರೈಲು 5 ನಿಮಿಷಕ್ಕೊಂದು ಬಂದರೆ ಅಂಕ 2.67. ದೂರವೊಂದನ್ನೇ ಅಳೆಯುವ ನಕ್ಷೆಯಲ್ಲಿ ಈ ಎರಡೂ ಸ್ಥಿತಿಗಳಿಗೆ ಒಂದೇ ಬಣ್ಣ. ಮುಂದೆ ರೈಲುಗಳು ಸೇರಿದಂತೆಲ್ಲ ಕಾಯುವ ಅಂತರ ಇಳಿಯಿತು, ಮನೆಯಂತೂ ಇದ್ದಲ್ಲೇ ಇತ್ತು.

ಇನ್ನು ದೋಷಗಳು. ರೈಲು ನಿಲ್ದಾಣಕ್ಕೆ 950 ಮೀಟರ್ ದೂರದ ಮನೆ ಲೆಕ್ಕಕ್ಕೆ ಬರುತ್ತದೆ, 970 ಮೀಟರ್ ದೂರದ ಮನೆಗೆ ಅದೇ ರೈಲಿನಿಂದ ಸೊನ್ನೆ ಸಿಗುತ್ತದೆ. ಇಪ್ಪತ್ತು ಮೀಟರ್ ಎಂದರೆ ಹದಿನೈದು ಸೆಕೆಂಡಿನ ನಡಿಗೆ. ವಾಹನದಲ್ಲಿ ಕಾಲಿಡಲು ಜಾಗವಿದೆಯೇ ಎಂಬುದನ್ನು ಅದು ಕೇಳುವುದಿಲ್ಲ. ಹೊಸೂರು ರಸ್ತೆಯಂಥ ರಸ್ತೆಯ ಆಚೆ ನಿಲ್ದಾಣವಿದ್ದು, ಸ್ಕೈವಾಕ್ ಹತ್ತಿ ಇಳಿಯಬೇಕಾದ ಮಂಡಿನೋವಿನ ಅಜ್ಜಿಗೆ ನಿಮಿಷಕ್ಕೆ 80 ಮೀಟರ್ ಎಂಬ ಲೆಕ್ಕ ಹೊಂದುವುದೂ ಇಲ್ಲ. ಎಲ್ಲಕ್ಕಿಂತ ದೊಡ್ಡ ಕೊರತೆಯೆಂದರೆ, ಬಸ್ಸು ಎಲ್ಲಿಗೆ ಹೋಗುತ್ತದೆ ಎಂಬುದು ಪಿಟಾಲ್‌ಗೆ ಬೇಕಾಗಿಯೇ ಇಲ್ಲ. ಆಸ್ಪತ್ರೆಗೆ ಹೋಗುವ ಬಸ್ಸೂ ಡಿಪೋಗೆ ಹೋಗುವ ಬಸ್ಸೂ ಅದಕ್ಕೆ ಒಂದೇ.

ಹೀಗಿದ್ದರೂ ಈ ದರ್ಜೆ ಕಡತದಲ್ಲಿ ಉಳಿಯುವ ಅಲಂಕಾರವಲ್ಲ. ನಗರದ ಬೆಳವಣಿಗೆಗೆ ನಿಯಮಗಳನ್ನು ಹಾಕುವ 2021ರ ‘ಲಂಡನ್ ಯೋಜನೆ’ಯ ಪ್ರಕಾರ, ಪಿಟಾಲ್ 3ರಿಂದ 6ರವರೆಗಿನ ಜಾಗಗಳಲ್ಲಿ, ಅಥವಾ ರೈಲು ನಿಲ್ದಾಣ ಇಲ್ಲವೇ ಪೇಟೆಯ ಎಲ್ಲೆಯಿಂದ 800 ಮೀಟರ್ ಒಳಗಿರುವ ಜಾಗಗಳಲ್ಲಿ, ಹೊಸ ಮನೆಗಳ ಸಾಧ್ಯತೆಯನ್ನು ಹೆಚ್ಚು ಬಳಸಿಕೊಳ್ಳಬೇಕು. 5 ಮತ್ತು 6ರ ದರ್ಜೆಯ ಕಡೆ ಹೊಸ ವಸತಿಗೆ ಸಾಮಾನ್ಯ ಕಾರು ನಿಲುಗಡೆಯೇ ಇರದು. ‘ಪೇಟೆಯ ಎಲ್ಲೆ’ ಎಂಬ ಷರತ್ತಿನ ಮೂಲಕ ಅಂಗಡಿ, ಕ್ಲಿನಿಕ್‌ಗಳು ಹಿಂಬಾಗಿಲಿನಿಂದ ಲೆಕ್ಕದೊಳಗೆ ಬರುತ್ತವೆ ಎನ್ನಬಹುದು. ಇದನ್ನೇ ಮುಂಬಾಗಿಲಿನಿಂದ ಮಾಡಲು ಹೊರಟಿರುವುದು ಬ್ರಿಟನ್ನಿನ ಸಾರಿಗೆ ಇಲಾಖೆ 2025ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ಗಾಗಿ ಹೊರತಂದ ‘ಕನೆಕ್ಟಿವಿಟಿ ಟೂಲ್’. ನಡೆದು, ಸೈಕಲ್ ತುಳಿದು, ಬಸ್ಸು ರೈಲು ಹಿಡಿದು ಉದ್ಯೋಗ, ಶಾಲೆ, ಆಸ್ಪತ್ರೆಗಳನ್ನು ಎಷ್ಟು ಸುಲಭವಾಗಿ ತಲುಪಬಹುದು ಎಂಬುದನ್ನು ಆಧರಿಸಿ ಅದು ಅಂಕ ಕೊಡುತ್ತದೆ. ಇದು ವಿಸ್ತಾರವಾದ ಅಳತೆ, ಆದರೆ ಕೈಯಲ್ಲಿ ಲೆಕ್ಕ ಹಾಕಿ ಪರೀಕ್ಷಿಸುವಂಥದ್ದಲ್ಲ. ನನ್ನ ಒಲವು ಹಳೆಯ ಪಿಟಾಲ್ ಕಡೆಗೇ.

ಲಂಡನ್ನಿನಲ್ಲಿ ಬಾಡಿಗೆ ಮನೆ ಹುಡುಕುತ್ತಿರುವ ಕನ್ನಡಿಗರು ವೆಬ್‌ಕ್ಯಾಟ್ ತೆರೆದರೆ ಪಿಟಾಲ್ ಬಣ್ಣಗಳಿಗೆ ಮರುಳಾಗದೆ, ಅದೇ ತಾಣದ ಪ್ರಯಾಣ ಸಮಯದ ನಕ್ಷೆಯನ್ನು ಮೊದಲು ನೋಡಲಿ. ಆಯ್ದ ಜಾಗದಿಂದ ಎಷ್ಟು ನಿಮಿಷದಲ್ಲಿ ಎಲ್ಲಿಗೆ ತಲುಪಬಹುದು ಎಂಬುದನ್ನು ಅದು ಬಣ್ಣದ ಪಟ್ಟಿಗಳಲ್ಲಿ ತೋರಿಸುತ್ತದೆ. ಕಚೇರಿ ಯಾವ ಪಟ್ಟಿಯೊಳಗೆ ಬೀಳುತ್ತದೆ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ.