ಚೀನಾ ಕ್ಲೇ ರಿಪೋರ್ಟ್ ಕೈಗೆ ಬಂದ್ರೆ ಮೊದಲು ಕೂಡಿಸಿ ನೋಡಿ

ಚೀನಾ ಕ್ಲೇ (ಪಿಂಗಾಣಿಗೆ ಬಳಸೋ ಬಿಳಿ ಮಣ್ಣು) ಟೆಸ್ಟಿಂಗ್‌ಗೆ ಕಳಿಸೋರು ದಯವಿಟ್ಟು ಓದಿ. ಖಾಸಗಿ ಲ್ಯಾಬ್ ಒಂದು ದುಡ್ಡು ತಗೊಂಡು ಕೊಟ್ಟ ರಿಪೋರ್ಟ್ ಇದು: ಸಿಲಿಕಾ 61.2, ಅಲ್ಯೂಮಿನಾ 24.9, ಐರನ್ ಆಕ್ಸೈಡ್ 0.3, ಕ್ಯಾಲ್ಸಿಯಂ ಆಕ್ಸೈಡ್ 0.2, ಎಲ್‌ಒಐ (ಲಾಸ್ ಆನ್ ಇಗ್ನಿಷನ್, ಅಂದ್ರೆ ಸುಟ್ಟಾಗ ಕಮ್ಮಿಯಾಗೋ ತೂಕ) 13.4, ಎಲ್ಲಾ ಶೇಕಡಾ ಲೆಕ್ಕ. ಕೂಡಿಸಿ. ಸರಿಯಾಗಿ 100.0! ಇಂಥ ಮಣ್ಣಲ್ಲಿ ಸಾಮಾನ್ಯವಾಗಿ ಸ್ವಲ್ಪ ಇರೋ ಟೈಟಾನಿಯಾ ಇಲ್ಲ, ಪೊಟ್ಯಾಶ್ ಇಲ್ಲ, ಆದ್ರೂ ನೂರಕ್ಕೆ ನೂರು. ಒಂದೊಂದನ್ನೂ ಬೇರೆಯಾಗಿ ಅಳೆದರೆ ಮೊತ್ತ 99.6 ಬರುತ್ತೆ, 100.3 ಬರುತ್ತೆ. ಇಲ್ಲಿ ಯಾವುದೋ ಒಂದನ್ನ ಅಳೆದೇ ಇಲ್ಲ, ನೂರರಿಂದ ಕಳೆದು ಬರೆದಿದ್ದಾರೆ.

ಹೊಟ್ಟೆ ಉರಿಯೋದು ಎಲ್‌ಒಐ ನೋಡಿದಾಗ. ಚೀನಾ ಕ್ಲೇಯ ಮುಖ್ಯ ಖನಿಜ ಕೆಯೋಲಿನೈಟ್. ಅದು ಶುದ್ಧವಾಗಿದ್ರೆ ಸಿಲಿಕಾ 46.5, ಅಲ್ಯೂಮಿನಾ 39.5, ನೀರು 14. ಸುಟ್ಟಾಗ ಹೋಗೋದು ಈ ನೀರೇ. ನಮ್ಮದು ಬಿಳಿ ಮಣ್ಣು, ಆಸಿಡ್ ಹಾಕಿದ್ರೆ ನೊರೆ ಬರಲ್ಲ (ಅಂದ್ರೆ ಕಾರ್ಬೊನೇಟ್ ಇಲ್ಲ), 110 ಡಿಗ್ರಿಯಲ್ಲಿ ಒಣಗಿಸಿದ್ದು. ಎಲ್‌ಒಐ 13.4 ಅಂದ್ರೆ ಹೆಚ್ಚುಕಮ್ಮಿ ಪೂರ್ತಿ ಕೆಯೋಲಿನೈಟ್. ಅಲ್ಯೂಮಿನಾ 38ರ ಆಸುಪಾಸು ಇರಲೇಬೇಕು. 24.9 ಎಲ್ಲಿಂದ ಬಂತು?

ಲ್ಯಾಬ್‌ನವರನ್ನ ಕೇಳಿದ್ರೆ, "ಮಣ್ಣಲ್ವಾ ಸಾರ್, ವೇರಿಯೇಷನ್ ಇದ್ದೇ ಇರುತ್ತೆ." ಯಾವ ಮೆಥಡ್? "ಐಎಸ್ ಪ್ರಕಾರ." ಯಾವ ನಂಬರಿನ ಐಎಸ್ (ಇಂಡಿಯನ್ ಸ್ಟ್ಯಾಂಡರ್ಡ್)? ಉತ್ತರ ಇಲ್ಲ. ಫ್ಯೂಷನ್ (ಮಣ್ಣನ್ನ ಸೋಡಿಯಂ ಕಾರ್ಬೊನೇಟ್ ಥರದ್ದರ ಜೊತೆ ಕಾಯಿಸಿ ಕರಗಿಸೋದು) ಮಾಡಿದ್ರಾ ಅಂದಿದ್ದಕ್ಕೆ ಬಂತು ನೋಡಿ: "ಯಾಕೆ ಸಾರ್, ಅಕ್ವಾ ರೀಜಿಯಾದಲ್ಲೇ ಎಲ್ಲಾ ಕರಗುತ್ತಲ್ಲ."

ಕರಗಲ್ಲ ಸ್ವಾಮಿ! ಸುಡದ ಕೆಯೋಲಿನೈಟ್ ಅಕ್ವಾ ರೀಜಿಯಾಗೆಲ್ಲ (ನೈಟ್ರಿಕ್, ಹೈಡ್ರೋಕ್ಲೋರಿಕ್ ಆಸಿಡ್‌ಗಳ ಮಿಶ್ರಣ) ಬಗ್ಗಲ್ಲ. ಕರಗದೆ ಉಳಿದ ಮಣ್ಣನ್ನೇ ಸೋಸಿ, ಸುಟ್ಟು, ತೂಗಿ ಸಿಲಿಕಾ ಅಂತ ಬರೆದಿದ್ದಾರೆ. ಅಲ್ಯೂಮಿನಾ ಆ "ಸಿಲಿಕಾ"ದೊಳಗೇ ಕೂತಿದೆ. ಪ್ಲಾಟಿನಂ ಕ್ರೂಸಿಬಲ್‌ನಲ್ಲಿ ಅದಕ್ಕೆ ನಾಲ್ಕು ಹನಿ ಸಲ್ಫ್ಯೂರಿಕ್, ಜೊತೆಗೆ ಎಚ್‌ಎಫ್ (ಹೈಡ್ರೋಫ್ಲೋರಿಕ್ ಆಸಿಡ್) ಹಾಕಿ ಆವಿ ಮಾಡಿದ್ರೆ ನಿಜವಾದ ಸಿಲಿಕಾ ಹಾರಿಹೋಗಿ ಉಳಿದದ್ದು ತಳದಲ್ಲಿ ಕಾಣ್ತಿತ್ತು. ಮಾಡೋದು ಹೇಗೆ, ಪ್ಲಾಟಿನಂ ಕ್ರೂಸಿಬಲ್ಲೇ ಇಲ್ಲವಂತೆ! ಈ ಅಂಕಿ ನಂಬಿ ಬಾಡಿ ಮಿಕ್ಸ್ (ಪಿಂಗಾಣಿ ಮಾಡೋ ಮಣ್ಣು, ಕ್ವಾರ್ಟ್ಜ್ ಇತ್ಯಾದಿಗಳ ಮಿಶ್ರಣ) ಲೆಕ್ಕ ಹಾಕಿದ್ರೆ ಕ್ವಾರ್ಟ್ಜ್ ಕಮ್ಮಿ ಬಿದ್ದು ಇಡೀ ಬ್ಯಾಚ್ ಹಾಳು.

ಸರಿಯಾದ ಕ್ರಮ ಗೊತ್ತಿರೋದೇ: 0.5 ಗ್ರಾಂ ಮಣ್ಣಿಗೆ 3 ಗ್ರಾಂ ಅನ್‌ಹೈಡ್ರಸ್ ಸೋಡಿಯಂ ಕಾರ್ಬೊನೇಟ್, ಪ್ಲಾಟಿನಂನಲ್ಲಿ 1000 ಡಿಗ್ರಿ, ಅರ್ಧ ಗಂಟೆ. ಎಚ್‌ಸಿಎಲ್‌ನಲ್ಲಿ (ಹೈಡ್ರೋಕ್ಲೋರಿಕ್ ಆಸಿಡ್) ಬಿಡಿಸಿ, ಪೂರ್ತಿ ಒಣಗುವ ತನಕ ಆವಿ ಮಾಡಿ, ಮತ್ತೆ ಆಸಿಡ್ ಹಾಕಿ ಸೋಸೋದು. ಸೋಸಿದ ದ್ರಾವಣವನ್ನ ಇನ್ನೊಮ್ಮೆ ಒಣಗಿಸಲೇಬೇಕು, ಮೊದಲ ಸಲ ಒಂದಿಷ್ಟು ಸಿಲಿಕಾ ತಪ್ಪಿಸಿಕೊಂಡಿರುತ್ತೆ. ಅಲ್ಯೂಮಿನಾನ ಇಡಿಟಿಎ ಟೈಟ್ರೇಷನ್‌ನಲ್ಲಿ ಅಳೀಬೇಕು. ನೂರರಿಂದ ಕಳೆಯೋದಲ್ಲ.

ಲ್ಯಾಬ್‌ನವರು ಕೊನೆಗೆ ಹೇಳಿದ್ದು: "ರೀಟೆಸ್ಟ್‌ಗೆ ಮತ್ತೆ ಫುಲ್ ಚಾರ್ಜ್, ಸ್ಯಾಂಪಲ್ಲೂ ಉಳಿದಿಲ್ಲ."

ಸ್ಯಾಂಪಲ್ ಕೊಡೋ ಮುಂಚೆ ಫ್ಯೂಷನ್ ಅಂತ ಬರೆಸಿಕೊಳ್ಳಿ. ಎಕ್ಸ್‌ಆರ್‌ಎಫ್ (ಎಕ್ಸ್-ರೇ ಬಿಟ್ಟು ಅಳೆಯೋ ವಿಧಾನ) ಆದ್ರೆ ಫ್ಯೂಸ್ಡ್ ಬೀಡೇ (ಮಣ್ಣನ್ನ ಕರಗಿಸಿ ಮಾಡಿದ ಗಾಜಿನ ಬಿಲ್ಲೆ) ಕೇಳಿ. ಪ್ರೆಸ್ಡ್ ಪೆಲೆಟ್‌ನಲ್ಲಿ (ಪುಡಿಯನ್ನ ಬರೀ ಒತ್ತಿ ಮಾಡಿದ ಬಿಲ್ಲೆ) ಕಣದ ಗಾತ್ರಕ್ಕೇ ಅಂಕಿ ಅಲ್ಲಾಡುತ್ತೆ. ಅರ್ಧ ಮಣ್ಣು ನಿಮ್ಮ ಹತ್ರನೇ ಇರಲಿ. ಅದೇ ಮಣ್ಣಿನ ಇನ್ನೊಂದು ಪೊಟ್ಟಣವನ್ನ ಬೇರೆ ಹೆಸರು ಬರೆದು ಜೊತೆಗೇ ಕಳಿಸಿ, ಎರಡರ ಅಂಕಿನೂ ತಾಳೆ ಆಗುತ್ತಾ ನೋಡಿ.