ಅಂಚು ಕತ್ತರಿಸಿದ ಚಿತ್ರಸಂಪುಟ

ಮಹಿಳೆಯರ ಹಕ್ಕುಗಳ ಪರವಾಗಿ ವಾದ ಹೂಡುವ 12 ವರ್ಣಚಿತ್ರಗಳನ್ನು ಬಿಡಿ ಹಾಳೆಗಳಲ್ಲಿ ಮುದ್ರಿಸಿ, ಗಟ್ಟಿ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಮಾರುವ ಸಂಪುಟವೊಂದನ್ನು ಈಚೆಗೆ ತರಿಸಿಕೊಂಡೆ. ಕಾಗದ ದಪ್ಪನೆಯದು, ಹೊಳಪಿಲ್ಲದ್ದು. ಕಟ್ಟಿ ಕಳುಹಿಸಿದ ರೀತಿಯ ಬಗ್ಗೆಯೂ ದೂರಿಲ್ಲ.

ಸಂಪುಟದ ಅತ್ಯುತ್ತಮ ಹಾಳೆ, ಇಟಲಿಯ ಕಲಾವಿದೆ ಆರ್ಟೆಮಿಸಿಯಾ ಜೆಂಟಿಲೆಸ್ಕಿ 1610ರಲ್ಲಿ, ಇನ್ನೂ ಹದಿಹರೆಯದಲ್ಲಿದ್ದಾಗ ಬರೆದ ಸುಸನ್ನಾಳ ಚಿತ್ರ. ಸ್ನಾನಕ್ಕೆ ಕುಳಿತವಳನ್ನು ಇಬ್ಬರು ಹಿರಿಯರು ಪೀಡಿಸುವ ಈ ಬೈಬಲ್ ಕಥೆಯನ್ನು ಅನೇಕ ಗಂಡು ಕಲಾವಿದರು ನೋಡುಗನ ಕಣ್ಣಿಗೆ ಹಬ್ಬವಾಗುವಂತೆ ಬರೆದಿದ್ದಾರೆ; ಇಲ್ಲಿ ಅವಳು ಮುಖ ತಿರುಗಿಸಿ, ಕೈಯೆತ್ತಿ, ಕಲ್ಲುಗೋಡೆಯ ಮೇಲಿನಿಂದ ಬಾಗಿದವರನ್ನು ತಡೆಯುತ್ತಾಳೆ. ಅವಳ ಮುಖದ ಅಸಹ್ಯಭಾವ ಮುದ್ರಣದಲ್ಲಿ ಎಳ್ಳಷ್ಟೂ ಮಾಸಿಲ್ಲ.

ನಿರಾಸೆಯಾದದ್ದು ಮೆಕ್ಸಿಕೋದ ಕಲಾವಿದೆ ಫ್ರಿಡಾ ಕಾಹ್ಲೋ ಚಿತ್ರದ ವಿಷಯದಲ್ಲಿ. ಹೆಂಗಸೊಬ್ಬಳನ್ನು ಇರಿದು ಕೊಂದವನು, ತಾನು ಮಾಡಿದ್ದು ಕೆಲವೇ ಸಣ್ಣ ಇರಿತಗಳೆಂದು ಹೇಳಿಕೊಂಡ ಸುದ್ದಿಯನ್ನು ಓದಿ, ಆ ಮಾತನ್ನೇ ಶೀರ್ಷಿಕೆಯಾಗಿಸಿ 1935ರಲ್ಲಿ ಆಕೆ ತಗಡಿನ ಮೇಲೆ ಬರೆದ ಸಣ್ಣ ಚಿತ್ರವಿದು. ಮೂಲದಲ್ಲಿ ರಕ್ತದ ಕಲೆಗಳು ಹಾಸಿಗೆ, ನೆಲ ಎಲ್ಲವನ್ನೂ ದಾಟಿ ಮರದ ಚೌಕಟ್ಟಿನ ಮೇಲೂ ಸಿಡಿದಿವೆ. ಆ ಕೊಲೆ ಚಿತ್ರದೊಳಗಿನ ಕೋಣೆಗಷ್ಟೇ ಸೇರಿದ್ದಲ್ಲ, ನೋಡುವವರು ನಿಂತ ಜಾಗಕ್ಕೂ ಸೇರಿದ್ದು ಎಂಬ ವಾದವೆಲ್ಲ ಆ ಚೌಕಟ್ಟಿನಲ್ಲೇ ಇದೆ. ಪ್ರಕಾಶಕರು ಅದನ್ನೇ ಕತ್ತರಿಸಿದ್ದಾರೆ. ವಿಚಾರಿಸಿದಾಗ, ಹಾಳೆಗಳೆಲ್ಲ ಒಂದೇ ಅಳತೆಯಲ್ಲಿರಬೇಕಿತ್ತೆಂಬ ಉತ್ತರ ಬಂತು. ಹಿಂಬದಿಯ ಟಿಪ್ಪಣಿಯಂತೂ ಕಾಹ್ಲೋ ಅವರ ಗಂಡನ ಪ್ರೇಮಪ್ರಕರಣಕ್ಕೆ ಐದು ಸಾಲು ಮೀಸಲಿಟ್ಟು, ಕೊಲೆಯಾದವಳಿಗೆ ಅರ್ಧ ಸಾಲು ಕೊಟ್ಟಿದೆ!

ಪೋರ್ಚುಗಲ್ ಮೂಲದ ಕಲಾವಿದೆ ಪೌಲಾ ರೇಗೊ ಅವರ ಕೃತಿಯ ಆಯ್ಕೆಯೂ ಯೋಚಿಸಿ ಮಾಡಿದ್ದಲ್ಲ. ಗರ್ಭಪಾತವನ್ನು ಕಾನೂನುಬದ್ಧಗೊಳಿಸುವ ಪ್ರಸ್ತಾಪ ಪೋರ್ಚುಗಲ್‌ನ 1998ರ ಜನಮತಗಣನೆಯಲ್ಲಿ ಬಿದ್ದುಹೋದ ಮೇಲೆ, ಕದ್ದುಮುಚ್ಚಿ ಗರ್ಭಪಾತ ಮಾಡಿಸಿಕೊಂಡ ಹೆಣ್ಣುಗಳನ್ನು, ಒಂದು ಹನಿ ರಕ್ತವನ್ನೂ ತೋರಿಸದೆ, ಆಕೆ ಪುಡಿಬಣ್ಣದ ಕಡ್ಡಿಯಾದ ಪ್ಯಾಸ್ಟೆಲ್‌ನಲ್ಲಿ ಚಿತ್ರಿಸಿದರು. ಹೆಚ್ಚು ಜನರಿಗೆ ತಲುಪಲೆಂದು ಇದೇ ವಿಷಯದ, ಲೋಹದ ಫಲಕದಲ್ಲಿ ಕೊರೆದು ಕಾಗದಕ್ಕೆ ಅಚ್ಚೊತ್ತುವ ಎಚ್ಚಿಂಗ್‌ಗಳನ್ನೂ ಮಾಡಿದರು. ಕಾಗದಕ್ಕೆಂದೇ ಹುಟ್ಟಿದ ಆ ಕಪ್ಪುಬಿಳುಪು ಪ್ರತಿಗಳನ್ನು ಬಿಟ್ಟು, ದೊಡ್ಡ ಪ್ಯಾಸ್ಟೆಲ್ ಚಿತ್ರವೊಂದನ್ನು ಅಂಗೈಯಗಲಕ್ಕೆ ಕುಗ್ಗಿಸಿದ್ದರಿಂದ ಬಣ್ಣದ ಪುಡಿಪುಡಿ ಒರಟುತನ ಮಾಯವಾಗಿ, ಚಿತ್ರ ಪ್ಲಾಸ್ಟಿಕ್ಕಿನಂತೆ ನುಣುಪಾಗಿದೆ. 2007ರ ಎರಡನೆಯ ಜನಮತಗಣನೆಯ ನಂತರ ಕಾನೂನು ಬದಲಾದದ್ದನ್ನು ಟಿಪ್ಪಣಿ ಹೇಳುವುದೇ ಇಲ್ಲ.

ಉಳಿದ ಹಾಳೆಗಳು ಪರವಾಗಿಲ್ಲ. ಸುಸನ್ನಾಳನ್ನು ಗೋಡೆಗೆ ಹಾಕಿಸಿದ್ದೇನೆ. ಕಾಹ್ಲೋ ಹಾಳೆ ಪೆಟ್ಟಿಗೆಯಲ್ಲೇ ಇದೆ. ಕೊಳ್ಳುವ ಯೋಚನೆಯುಳ್ಳವರು ಅಂಚುಗಳನ್ನು ಸರಿಪಡಿಸಿದ ಮುಂದಿನ ಮುದ್ರಣಕ್ಕೆ ಕಾಯುವುದು ಒಳ್ಳೆಯದು.