ಛತ್ರಿ ಕೂರಿಸಿದ ಹುಡುಗ ಜಾಣ, ಕೇಬಲ್ ದರ ಮಾತ್ರ ಜಾಸ್ತಿ

ವಿಜಯಪುರದ ಗಾಂಧಿ ಚೌಕದ ಹತ್ತಿರದ ಅಂಗಡಿಯೊಂದರಿಂದ ಮಾಳಿಗೆ ಮೇಲೆ ಡಿಡಿ ಫ್ರೀ ಡಿಶ್‌ನ ಟಿವಿ ಛತ್ರಿ ಹಾಕಿಸಿದೆ. ಬಂದ ಹುಡುಗ ಕೆಲಸ ಬಲ್ಲವನು. ಸುಮ್ನೆ ಅತ್ತಿತ್ತ ತಿರುಗಿಸಲಿಲ್ಲ. ಫೋನಿನಲ್ಲಿ ದಿಕ್ಕು ನೋಡಿ ಛತ್ರಿಯನ್ನು ಆಗ್ನೇಯಕ್ಕೆ ಹಿಡಿದ, ಸಿಗ್ನಲ್ ಅಳೆಯುವ ಮೀಟರ್ ಕೂಗುವವರೆಗೆ ಕೂದಲೆಳೆಯಷ್ಟೇ ಸರಿಸಿದ, ನಟ್ಟು ಬಿಗಿದ.

"ತಮ್ಮಾ, ಉಪಗ್ರಹ ತಿರುಗ್ತದಲ್ಲ, ಛತ್ರಿ ಯಾಕ ತಿರುಗಂಗಿಲ್ಲ?" ಎಂದು ನಮ್ಮವ್ವ ಕೇಳಿದಳು.

"ಅದು ಭೂಮಿ ಜೋಡಿನ ತಿರುಗ್ತದ್ರೀ ಅಮ್ಮಾರ."

ನಿಜವೇ. ಫ್ರೀ ಡಿಶ್ ಚಾನೆಲ್‌ಗಳನ್ನು ಕಳಿಸುವ ಉಪಗ್ರಹ ಜಿಸ್ಯಾಟ್-15 ಇರುವುದು ಭೂಮಧ್ಯರೇಖೆಯ ನೇರ ಮೇಲೆ, 93.5 ಡಿಗ್ರಿ ಪೂರ್ವದಲ್ಲಿ, ಸುಮಾರು 35,786 ಕಿ.ಮೀ. ಎತ್ತರದಲ್ಲಿ. ಅಲ್ಲಿ ಒಂದು ಸುತ್ತಿಗೆ 23 ಗಂಟೆ 56 ನಿಮಿಷ ಬೇಕು. ಭೂಮಿ ತನ್ನ ಸುತ್ತ ತಾನು ತಿರುಗುವುದಕ್ಕೂ ಅಷ್ಟೇ. ಹಾಗಾಗಿ ನಮ್ಮ ಪಾಲಿಗೆ ಅದು ನಿಂತಲ್ಲೇ ಇರುತ್ತದೆ. ಕೆಳಗಿನ ಕಕ್ಷೆಯಲ್ಲಿ ಓಡುತ್ತಿದ್ದರೆ ಮನೆಮನೆ ಛತ್ರಿಗೂ ಮೋಟಾರು ಬೇಕಾಗುತ್ತಿತ್ತು. ಆ ಖರ್ಚು ಯಾರು ಹೊರಬೇಕು, ಅಲ್ವಾ?

ಜೋರು ಮಳೆಗೆ ಚಿತ್ರ ಹೋಗುತ್ತದೆ. ಅದು ಅಂಗಡಿಯವರ ತಪ್ಪಲ್ಲ, ಛತ್ರಿಗೆ ಬರುವ ಕೆಯು ಬ್ಯಾಂಡ್ ರೇಡಿಯೊ ತರಂಗಗಳ ಗುಣವೇ ಹಾಗೆ. ಆದರೆ ಕೇಬಲ್ಲಿಗೆ ಮೀಟರ್ ಲೆಕ್ಕದಲ್ಲಿ ಬೇರೆ ದುಡ್ಡು ಎಂದು ಮೊದಲೇ ಹೇಳಬೇಕಿತ್ತು. ಕರೆಸುವವರು ಫೋನಿನಲ್ಲೇ ಕೇಳಿಕೊಳ್ಳಿ.